"ಮೂಸಿ ನೋಡು" ಅಂದರೆ ಡಬ್ಬಿಯೊಳಗೆ ಇಣುಕುವ ಮಕ್ಕಳು

ಎರಡು ವರ್ಷದ ಮಗುವಿನ ಮುಂದೆ ಕಾಫಿಪುಡಿಯ ಡಬ್ಬಿ ಹಿಡಿದು "ಮೂಸಿ ನೋಡು ಪುಟ್ಟಾ" ಅನ್ನಿ. ಮಗು ಮೂಗು ತರುವುದಿಲ್ಲ, ಕಣ್ಣು ತರುತ್ತದೆ. ಡಬ್ಬಿಯೊಳಗೆ ಇಣುಕಿ, ಒಳಗೇನೂ ಕುಣಿಯುತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಮುಖ ತಿರುಗಿಸುತ್ತದೆ. ಪಕ್ಕದಲ್ಲಿ ಕೂತ ಅಮ್ಮನಿಗೆ ಮುಜುಗರ, "ಮನೆಯಲ್ಲಿ ಎಲ್ಲಾ ಮೂಸ್ತಾಳೆ, ಇಲ್ಲಿ ನಾಚಿಕೆ" ಅನ್ನುತ್ತಾರೆ. ನಾಚಿಕೆ ಗೀಚಿಕೆ ಏನಿಲ್ಲ, ನಾವು ಹೇಳಿದ್ದನ್ನೇ ಮಗು ಮಾಡಿದೆ. "ನೋಡು" ಅಂದೆವು, ನೋಡಿತು.

ಕನ್ನಡದಲ್ಲಿ ಈ ಒಂದು ಕ್ರಿಯಾಪದ ಎಲ್ಲದರ ಬಾಲ ಹಿಡಿದುಕೊಂಡು ಬರುತ್ತದೆ. ಮುಟ್ಟಿ ನೋಡು, ಮೂಸಿ ನೋಡು, ರುಚಿ ನೋಡು, ಕೇಳಿ ನೋಡು. ದೊಡ್ಡವರಿಗೆ ಇಲ್ಲಿ "ನೋಡು" ಅಂದರೆ ಪ್ರಯತ್ನಿಸು ಎಂದು ಗೊತ್ತು. ಈಗಷ್ಟೇ ಎರಡು ಪದ ಜೋಡಿಸಲು ಕಲಿತ ಮಗು ವಾಕ್ಯದ ಕೊನೆಯ ಪದವನ್ನೇ ಗಟ್ಟಿಯಾಗಿ ಹಿಡಿಯುತ್ತದೆ. ಪಂಚೇಂದ್ರಿಯಗಳ ಕಥೆ ಕೂಟ ನಡೆಸುವವರು ಬೇರೆ ಯಾವ ಸಾಮಾನು ತಂದರೂ ತರದಿದ್ದರೂ ಸರಿ, ಮೊದಲು ತಮ್ಮ ನಾಲಿಗೆಯಿಂದ ಈ ಬಾಲ ಕತ್ತರಿಸಬೇಕು. ಮೂಸು. ಮುಟ್ಟು. ನೆಕ್ಕು. ಬರೀ ಅಷ್ಟೇ. ವಾರಕ್ಕೊಂದು ಇಂದ್ರಿಯ ಎಂದಿಟ್ಟುಕೊಂಡರೆ, "ನೋಡು" ಕಣ್ಣಿನ ವಾರಕ್ಕೆ ಮಾತ್ರ ಮೀಸಲು.

ಮುಂಬೈಯ ಕನ್ನಡ ಸಂಘಗಳ ಗ್ರಂಥಾಲಯಗಳಲ್ಲಿ ಭಾನುವಾರ ಬೆಳಿಗ್ಗೆ ಪುಟಾಣಿಗಳನ್ನು ಕೂರಿಸಿಕೊಳ್ಳುವ ಆಸೆ ಇರುವವರಿಗಾಗಿ ಇದನ್ನು ಬರೆಯುತ್ತಿರುವುದು. ಮಾಟುಂಗಾದ ಮೈಸೂರು ಅಸೋಸಿಯೇಷನ್ ಹುಟ್ಟಿದ್ದು 1926ರಲ್ಲಿ. ಅಂದಿನಿಂದ ಈ ಊರಿನ ಕನ್ನಡ ಸಂಘಗಳು ನಾಟಕ, ಉಪನ್ಯಾಸ, ಯಕ್ಷಗಾನ ಎಲ್ಲವನ್ನೂ ಮಾಡಿವೆ, ಆದರೆ ಒಂದೂವರೆಯಿಂದ ಮೂರೂವರೆ ವಯಸ್ಸಿನವರು ಸಭಿಕರಾದಾಗ ಲೆಕ್ಕವೇ ಬೇರೆ. ಈ ಸಭಿಕರು ಮನೆಯಲ್ಲಿ ತುಳುವೋ ಹುಬ್ಬಳ್ಳಿ ಕನ್ನಡವೋ ಕೇಳುತ್ತಾರೆ, ನೋಡಿಕೊಳ್ಳುವ ಕೆಲಸದವಳಿಂದ ಮರಾಠಿ, ಲಿಫ್ಟಿನಲ್ಲಿ ಹಿಂದಿ, ಪ್ಲೇಸ್ಕೂಲಿನಲ್ಲಿ ಇಂಗ್ಲಿಷ್. "ಮೂಗು ಎಲ್ಲಿ?" ಎಂದರೆ ತೋರಿಸುತ್ತಾರೆ, ಅದನ್ನು ಮನೆಯವರು ಆಗಲೇ ಕಲಿಸಿರುತ್ತಾರೆ. ಅಂಗದ ಹೆಸರು ಹೇಳಿಸಿ ಚಪ್ಪಾಳೆ ತಟ್ಟಿಸುವುದಕ್ಕೆ ಗ್ರಂಥಾಲಯವೇ ಬೇಕಾಗಿಲ್ಲ. ಇಲ್ಲಿ ಕೊಡಬೇಕಾದದ್ದು ಕ್ರಿಯಾಪದ, ಮತ್ತು ಆ ಕ್ರಿಯೆಯ ಬೆನ್ನಿಗೇ ಬರುವ ಘಮಘಮ, ಚುಂಯ್, ನುಣ್ಣಗೆ, ಜಿಗಿಜಿಗಿ.

ನಾಲ್ಕು ಭಾಷೆಯ ಕಿವಿಗಳಿಗೆ ಕೆಲವು ಪದಗಳು ಎಡವುಗಲ್ಲು. ಮರಾಠಿಯ ನಾಕ ಅಂದರೆ ಮೂಗು, ನಾವು ಆಡುಮಾತಿನಲ್ಲಿ "ನಾಕು ಡಬ್ಬಿ ಇದೆ" ಅಂದರೆ ಯಾರೋ ಒಬ್ಬ ಮೂಗು ಮುಟ್ಟಿಕೊಳ್ಳುತ್ತಾನೆ. ಇದು ತಮಾಷೆ, ನಡೆಯುತ್ತದೆ. ಖಾರದ್ದು ತಮಾಷೆಯಲ್ಲ. ಮರಾಠಿಯಲ್ಲಿ ಖಾರಟ್, ಹಿಂದಿಯಲ್ಲಿ ಖಾರಾ, ಎರಡೂ ಉಪ್ಪುಪ್ಪು. ನಮ್ಮ ಖಾರಕ್ಕೆ ಅವರು ತಿಖಟ್, ತೀಖಾ ಅನ್ನುತ್ತಾರೆ. "ಇದು ಖಾರ, ಬೇಡ" ಎಂದು ನಾವು ಎಚ್ಚರಿಸಿದ್ದು ಮಗುವಿಗೆ ಚಿಪ್ಸಿನ ಉಪ್ಪಾಗಿ ಕೇಳಬಹುದು. ರುಚಿಯ ವಾರದಲ್ಲಿ ಖಾರದ ಪದಾರ್ಥ ಹೇಗೂ ಇಡುವುದಿಲ್ಲ, ಪದವನ್ನೂ ಆಚೆಗಿಟ್ಟರೆ ಒಳ್ಳೆಯದು. "ಕೇಳು" ಇನ್ನೊಂದು ತೊಡಕು. ಆಲಿಸುವುದಕ್ಕೂ ಪ್ರಶ್ನಿಸುವುದಕ್ಕೂ ಬೇಡುವುದಕ್ಕೂ ನಮ್ಮಲ್ಲಿ ಅದೊಂದೇ ಪದ. "ಅಜ್ಜಿ ಹತ್ರ ಕೇಳು" ಅಂತ ದಿನವಿಡೀ ಕೇಳಿದ ಮಗುವಿಗೆ "ಕೇಳು" ಅಂದಾಗ ಬಿಸ್ಕತ್ತು ನೆನಪಾದರೆ ತಪ್ಪಿಲ್ಲ. ಅಂಗೈಯನ್ನು ಕಿವಿಯ ಹಿಂದೆ ಬಟ್ಟಲು ಮಾಡಿ ಹಿಡಿದು, ದನಿ ತಗ್ಗಿಸಿ, "ಶ್ಶ್... ಏನು ಸದ್ದು?" ಅನ್ನಿ. ಸನ್ನೆ ಪದದ ಅರ್ಥವನ್ನು ಕಟ್ಟಿಹಾಕುತ್ತದೆ.

ಒಂದೇ ದಿನ ಐದೂ ಇಂದ್ರಿಯ ಮುಗಿಸುವುದು ಎಲ್ಲರೂ ಮಾಡುವ ಮೊದಲ ತಪ್ಪು. ಗೋಡೆಗೆ ಒಂದು ಚಾರ್ಟು, ಅದರಲ್ಲಿ ತೇಲುತ್ತಿರುವ ಒಂಟಿ ಕಣ್ಣು, ಒಂಟಿ ಕಿವಿ, ಹೊರಚಾಚಿದ ನಾಲಿಗೆ. ಇದು ಪುಟಾಣಿಗಳಿಗೆ ಅರ್ಥವಾಗದ ವಸ್ತು, ಕೆಲವರಿಗೆ ಭಯವೂ ಹೌದು. ವಾರಕ್ಕೊಂದು ಇಂದ್ರಿಯ, ಐದು ವಾರ. ಒಟ್ಟು 25 ನಿಮಿಷ, ಹೆಚ್ಚೆಂದರೆ 30. ಬೆಳಿಗ್ಗೆ ಹತ್ತೂವರೆ ಒಳ್ಳೆಯ ಹೊತ್ತು. ತಿಂಡಿ ಕರಗಿರುತ್ತದೆ, ಮಧ್ಯಾಹ್ನದ ನಿದ್ದೆ ಇನ್ನೂ ಏರಿರುವುದಿಲ್ಲ. 12 ಮಕ್ಕಳು, ಪ್ರತಿಯೊಬ್ಬರ ಜೊತೆ ಒಬ್ಬ ದೊಡ್ಡವರು, ಅಂದರೆ 24 ಜನ. ನಮ್ಮ ಸಂಘಗಳ ಪುಸ್ತಕದ ಕಪಾಟುಗಳ ನಡುವಿನ ಜಾಗಕ್ಕೆ ಅದೇ ಮಿತಿ. ಅರ್ಧಚಂದ್ರದ ಹಾಗೆ ಕೂರಿಸಿ, ಕಥೆ ಹೇಳುವವರಿಂದ ಸುಮಾರು ಒಂದೂವರೆ ಮೀಟರ್ ದೂರ. ಕಿಟಕಿ ಕಥೆ ಹೇಳುವವರ ಬೆನ್ನಿಗಿರಬಾರದು. ಬೆಳಕು ಹಿಂದಿನಿಂದ ಬಂದರೆ ಮಕ್ಕಳಿಗೆ ಮುಖ ಕಪ್ಪಾಗಿ ಕಾಣುತ್ತದೆ, ತುಟಿಯ ಚಲನೆ ಕಾಣುವುದಿಲ್ಲ.

ಅರ್ಧ ಗಂಟೆಯ ಹಂಚಿಕೆ ಹೀಗೆ. ಪ್ರತಿ ವಾರವೂ ಅದೇ ಸ್ವಾಗತದ ಹಾಡು, 2 ನಿಮಿಷ. ಬದಲಿಸಬೇಡಿ, ನಿಮಗೆ ಬೇಜಾರಾದರೂ ಬದಲಿಸಬೇಡಿ. ಕಥೆ 5 ನಿಮಿಷ. ಕೈಗೆ ಸಾಮಾನು ಕೊಡುವುದು 10 ನಿಮಿಷ. ಎದ್ದು ಕುಣಿಯುವುದು 3 ನಿಮಿಷ. ಅದೇ ಕಥೆ ಇನ್ನೊಮ್ಮೆ, ಈ ಸಲ ಮಕ್ಕಳ ಬಾಯಿಂದ ಸದ್ದುಗಳು. ವಿದಾಯ. ಕಥೆಯನ್ನು ಎರಡು ಸಲ ಹೇಳುವುದು ಸಮಯ ತುಂಬಿಸಲಿಕ್ಕಲ್ಲ. ಮೊದಲ ಸಲ "ಘಮಘಮ" ಒಂದು ಸದ್ದು ಮಾತ್ರ; ಏಲಕ್ಕಿ ಮೂಸಿದ ಮೇಲೆ ಬರುವ ಎರಡನೇ ಘಮಘಮಕ್ಕೆ ಮೂಗಿನಲ್ಲಿ ಆಧಾರವಿರುತ್ತದೆ.

ಕಥೆ ಯಾವುದು? ಐದೂ ವಾರಕ್ಕೆ ಒಂದೇ ಕಥೆ ಸಾಕು, ಎಂಟು ಪುಟ, ಮನೆಯಲ್ಲೇ ಮಾಡಿದ್ದು. ಎ3 ಅಳತೆಯ ದಪ್ಪ ಕಾಗದ, ಪುಟಕ್ಕೊಂದೇ ಚಿತ್ರ, ದಪ್ಪ ಗೆರೆ. ಪುಟ್ಟಿ ಮಲಗಿದ್ದಾಳೆ. ಅಡುಗೆಮನೆಯಿಂದ ಚುಂಯ್! ಏನು ಸದ್ದು? ಪುಟ್ಟಿ ಎದ್ದಳು. ಘಮ್ಮ್! ಏನು ಪರಿಮಳ? ನಡೆದಳು ನಡೆದಳು, ಬಾಗಿಲ ಸಂದಿಯಿಂದ ನೋಡಿದಳು. ಬೆಳ್ಳಗೆ, ದುಂಡಗೆ! ಮುಟ್ಟಿದಳು. ಮೆತ್ತಗೆ, ಬೆಚ್ಚಗೆ! ಅಜ್ಜಿ ಒಂದು ತುಂಡು ಬಾಯಿಗಿಟ್ಟಳು. ಮ್ಮ್, ಇಡ್ಲಿ! ಕಥೆಯಲ್ಲಿ ಕಿವಿ ಮೂಗು ಮೊದಲು, ಕಣ್ಣು ನಂತರ ಬರುವುದನ್ನು ಗಮನಿಸಿ. ಅಡುಗೆಮನೆಯ ಸುದ್ದಿ ನಿಜವಾಗಿ ತಲುಪುವುದು ಹಾಗೆಯೇ. ಒಗ್ಗರಣೆಯನ್ನು ಯಾರೂ ಮೊದಲು ನೋಡುವುದಿಲ್ಲ. ಇಡ್ಲಿಗೆ ಒಗ್ಗರಣೆ ಎಲ್ಲಿಂದ ಬಂತು ಎಂದು ಯಾರಾದರೂ ಅಮ್ಮ ಕೇಳಿಯೇ ಕೇಳುತ್ತಾರೆ. ಚಟ್ನಿಗೆ ಎಂದು ಉತ್ತರ ಸಿದ್ಧವಿರಲಿ.

ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದು ಎಣಿಸಿ. ಈ ವಯಸ್ಸಿಗೆ ಪ್ರಶ್ನೆ ಒಳಗೆ ಹೋಗಿ ಉತ್ತರವಾಗಿ ಹೊರಬರಲು ಅಷ್ಟು ಹೊತ್ತು ಬೇಕು. ಎರಡು ಎಣಿಸುವಷ್ಟರಲ್ಲಿ ಹಿಂದೆ ಕೂತ ಅಪ್ಪನೇ "ಇಡ್ಲಿ, ಇಡ್ಲಿ ಅನ್ನು" ಎಂದು ಪಿಸುಗುಡುತ್ತಾನೆ. ಮೊದಲ ದಿನವೇ ನಗುತ್ತಾ ಹೇಳಿಬಿಡಿ: ದೊಡ್ಡವರ ಬಾಯಿಗೆ ಬೀಗ, ಮೊಬೈಲಿಗೂ ಬೀಗ.

ಮೂಗಿನ ವಾರದ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಅತಿ ಹೆಚ್ಚು ಕೆಡುವುದು ಅದೇ. ಮೂರು ವರ್ಷದೊಳಗಿನ ಬಹಳ ಮಕ್ಕಳಿಗೆ ಬೇಕೆಂದಾಗ ಉಸಿರು ಎಳೆದುಕೊಳ್ಳಲು ಬರುವುದಿಲ್ಲ. ಮೂಸು ಅಂದರೆ ಫೂ ಎಂದು ಊದುತ್ತಾರೆ. ತೆರೆದ ಡಬ್ಬಿಯಲ್ಲಿ ಪುಡಿ ಇದ್ದರೆ ಅದು ಅವರದ್ದೇ ಕಣ್ಣಿಗೆ ಹಾರುತ್ತದೆ. ಹಾಗಾಗಿ ಮಸಾಲೆಯ ಸಣ್ಣ ಸ್ಟೀಲ್ ಡಬ್ಬಿಯ ಬಾಯಿಗೆ ಎರಡು ಪದರ ತೆಳು ಮಲ್ ಬಟ್ಟೆ ಹಾಕಿ, ರಬ್ಬರ್ ಬ್ಯಾಂಡ್ ಬಿಗಿದು, ಅದರ ಮೇಲೆ ದಾರವನ್ನೂ ಸುತ್ತಿ ಗಂಟು ಹಾಕಿ. ಬರೀ ರಬ್ಬರ್ ಬ್ಯಾಂಡ್ ಆದರೆ ಕಿತ್ತು ಬಾಯಿಗೆ ಹೋಗುತ್ತದೆ. ಒಳಗೆ ಒಂದು ಚಮಚ ಪದಾರ್ಥ ಸಾಕು. ನಾಲ್ಕೇ ವಾಸನೆ: ಕಾಫಿಪುಡಿ, ಜಜ್ಜಿದ ಏಲಕ್ಕಿ, ಅದೇ ಹೊತ್ತಿಗೆ ತುರಿದ ನಿಂಬೆ ಸಿಪ್ಪೆ, ಮಲ್ಲಿಗೆ. ಮಲ್ಲಿಗೆ ಹಿಂದಿನ ದಿನ ತಂದರೆ ಬೆಳಿಗ್ಗೆಗೆ ಕಂದಿ ಕೊಳೆತ ವಾಸನೆ ಬರುತ್ತದೆ. ಅದೇ ಬೆಳಿಗ್ಗೆ ದಾದರಿನ ಹೂವಿನ ಮಾರುಕಟ್ಟೆಯಿಂದಲೋ ಮಾಟುಂಗಾ ಸ್ಟೇಷನ್ ಹೊರಗಿನ ಹೂವಿನವರಿಂದಲೋ ಒಂದು ಮೊಳ ತನ್ನಿ.

ಮೊದಲು ನೀವೇ ಮೂಸಿ ತೋರಿಸಿ, ಭುಜ ಮೇಲೇಳುವಷ್ಟು ನಾಟಕೀಯವಾಗಿ. ಡಬ್ಬಿ ಮೂಗಿನಿಂದ ನಾಲ್ಕು ಬೆರಳು ದೂರವಿರಲಿ. "ಹೂವು ಮೂಸು, ದೀಪ ಊದು" ಎಂದು ಎರಡನ್ನೂ ಆಟವಾಗಿ ಮೂರು ಸಲ ಮಾಡಿಸಿದರೆ ಎಳೆಯುವ ಉಸಿರು, ಬಿಡುವ ಉಸಿರು ಬೇರೆಯೆಂದು ಮೈಗೆ ಗೊತ್ತಾಗುತ್ತದೆ. ಮೂಗು ಬೇಗ ಸೋಲುತ್ತದೆ, ಒಂದೇ ವಾಸನೆ ಕೆಲವು ಕ್ಷಣ ಹಿಡಿದರೆ ಅದು ಬರುತ್ತಲೇ ಇಲ್ಲ ಅನ್ನಿಸುತ್ತದೆ. ಡಬ್ಬಿಗಳ ನಡುವೆ ಮಗು ತನ್ನದೇ ತೋಳು ಮೂಸಲಿ, ಅರ್ಧ ನಿಮಿಷ ಬಿಡುವು.

ಕರ್ಪೂರ ಬೇಡವೇ ಬೇಡ. ಪೂಜೆಯ ಪರಿಚಿತ ವಾಸನೆ ಎಂದು ತರುವವರಿದ್ದಾರೆ. ಸಣ್ಣ ಮಕ್ಕಳು ಒಂದು ಚೂರು ನುಂಗಿದರೂ ಫಿಟ್ಸ್ ಬರಬಹುದಾದ ವಸ್ತು ಅದು. ನುಸಿಗುಳಿಗೆ, ನೀಲಗಿರಿ ಎಣ್ಣೆ, ಮೆಣಸಿನ ಪುಡಿ, ಊದುಬತ್ತಿಯ ಹೊಗೆ, ಯಾವುದೂ ಬೇಡ. ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ. ಜೂನ್‌ನಿಂದ ಸೆಪ್ಟೆಂಬರ್ ತನಕ ಈ ಊರಿನ ತೇವಕ್ಕೆ ಬಟ್ಟೆಯೇ ಮುಗ್ಗಲು ಹಿಡಿದು ನಾಲ್ಕೂ ಡಬ್ಬಿ ಒಂದೇ ವಾಸನೆ ಹೊಡೆಯುತ್ತವೆ. ಪ್ರತಿ ಸಲ ಬಟ್ಟೆ ಒಗೆದು ಇಸ್ತ್ರಿ ಹಾಕಿ ಒಣಗಿಸಿದ್ದೇ ಆಗಬೇಕು.

ವಾಸನೆಗೆ ಪದ ಸಿಗುವುದಿಲ್ಲ ಎಂಬ ಮಾತಿದೆ. ಮಲಯ ಪರ್ಯಾಯದ್ವೀಪದ ಜಹಾಯ್ ಜನ ಬಣ್ಣಗಳಷ್ಟೇ ಸಲೀಸಾಗಿ ವಾಸನೆಗಳನ್ನೂ ಹೆಸರಿಸುತ್ತಾರೆ ಎಂದು ಭಾಷಾವಿಜ್ಞಾನಿಗಳಾದ ಆಸಿಫಾ ಮಜೀದ್ ಮತ್ತು ನಿಕ್ಲಾಸ್ ಬುರೆನ್‌ಹಲ್ಟ್ 2014ರಲ್ಲಿ ತೋರಿಸಿದರು. ಅಂದರೆ ಕೊರತೆ ಮನುಷ್ಯನ ಮೂಗಿನದ್ದೇ ಆಗಬೇಕಿಲ್ಲ, ಭಾಷೆಯ ರೂಢಿಯದ್ದೂ ಇರಬಹುದು. ನಮ್ಮ ಅಡುಗೆಮನೆಗಳೂ ಈ ವಿಷಯದಲ್ಲಿ ಬಡವಲ್ಲ. ಘಮ, ಕಂಪು, ನಾತ, ಮುಗ್ಗಲು, ಕಮಟು, ಹಳಸಲು, ಸೀದದ್ದು, ಮಸಾಲೆ ಸರಿಯಾಗಿ ಹುರಿಯದಿದ್ದಾಗಿನ ಹಸಿ ವಾಸನೆ. ಮುಂಬೈಯ ಫ್ಲ್ಯಾಟಿನಲ್ಲಿ ಇವೆಲ್ಲ ಸವೆದು "ಗುಡ್ ಸ್ಮೆಲ್, ಬ್ಯಾಡ್ ಸ್ಮೆಲ್" ಉಳಿಯುತ್ತಿದೆ. ಪುಟಾಣಿಗಳಿಗೆ ಈ ಇಡೀ ಪಟ್ಟಿ ಬೇಡ, ಘಮಘಮ ಒಂದು ಸಾಕು. ಪಟ್ಟಿ ಬೇಕಾಗಿರುವುದು ಜೊತೆಗೆ ಬಂದ ಅಪ್ಪ ಅಮ್ಮಂದಿರಿಗೆ. ಅಜ್ಜಿಯರು ಬಂದಿದ್ದರೆ ಅವರನ್ನೇ ಕೇಳಿ. ಕರಾವಳಿಯವರ ಪರಿಮಳ, ಧಾರವಾಡದವರ ವಾಸ್ನಿ, ಎರಡೂ ಕೋಣೆಯಲ್ಲಿ ಇರಲಿ, ಶುದ್ಧ ಯಾವುದು ಎಂಬ ಚರ್ಚೆಯನ್ನು ಸಂಘದ ವಾರ್ಷಿಕ ಸಭೆಗೆ ಬಿಡಿ.

ಕಿವಿಯ ವಾರಕ್ಕೆ 200 ಮಿಲಿಲೀಟರ್‌ನ ನೀರಿನ ಬಾಟಲಿಗಳು ಸಾಕು. ಒಂದರಲ್ಲಿ ಎರಡು ದೊಡ್ಡ ಚಮಚ ರಾಗಿ, ಒಂದರಲ್ಲಿ ಅಕ್ಕಿ, ಒಂದರಲ್ಲಿ ರಾಜ್ಮಾ. ಅರ್ಧಕ್ಕಿಂತ ಹೆಚ್ಚು ತುಂಬಿದರೆ ಕಾಳಿಗೆ ಓಡಾಡಲು ಜಾಗವಿಲ್ಲ, ಸದ್ದು ಸತ್ತುಹೋಗುತ್ತದೆ. ಬಾಟಲಿಯ ಒಳಗೆ ಒಂದು ಹನಿ ನೀರು ಉಳಿದಿದ್ದರೂ ರಾಗಿ ಅಂಟಿಕೊಳ್ಳುತ್ತದೆ, ಎರಡೇ ವಾರದಲ್ಲಿ ಬೂಷ್ಟು. ಮುಚ್ಚಳದ ಸುತ್ತ ಎಂ-ಸೀಲ್ ಮೆತ್ತಿ ರಾತ್ರಿಯಿಡೀ ಗಟ್ಟಿಯಾಗಲು ಬಿಡಿ, ಅದರ ಮೇಲೆ ಟೇಪು. ಟೇಪೊಂದೇ ಹಲ್ಲಿಗೆ ಎರಡು ನಿಮಿಷದ ಕೆಲಸ. ಸರಸರ ರಾಗಿ, ಝಲ್‌ಝಲ್ ಅಕ್ಕಿ, ಗಡಗಡ ರಾಜ್ಮಾ: ಮೂರೇ ಪದ. ಸ್ಟೀಲ್ ಡಬ್ಬಿಯಲ್ಲಿ ರಾಜ್ಮಾ ಹಾಕಿ 12 ಮಕ್ಕಳ ಕೈಗೆ ಕೊಟ್ಟರೆ ಯಾರಿಗೂ ಏನೂ ಕೇಳಿಸುವುದಿಲ್ಲ, ಇಬ್ಬರು ಅಳುತ್ತಾರೆ. ಫ್ಯಾನನ್ನು ಎರಡು ನಿಮಿಷ ನಿಲ್ಲಿಸಿ, ಸೆಖೆಗೆ ಗೊಣಗಿದರೂ ನಿಲ್ಲಿಸಿ. ಅದರ ಗರಗರ ನಿಂತ ಮೇಲೇ ಕಾಗೆ, ಲೋಕಲ್ ರೈಲಿನ ಹಾರ್ನು, ಕೆಳಗಿನ ತರಕಾರಿಯವನ ಕೂಗು ಒಳಗೆ ಬರುತ್ತವೆ. ಬಟ್ಟೆಯ ಹಿಂದೆ ಬೀಗದ ಕೈ ಗೊಂಚಲು ಆಡಿಸುವುದು, ಲೋಟದಿಂದ ಲೋಟಕ್ಕೆ ನೀರು ಸುರಿಯುವುದು, ದಿನಪತ್ರಿಕೆ ಪರ್ರನೆ ಹರಿಯುವುದು ಯಾವತ್ತೂ ಸೋಲುವುದಿಲ್ಲ. ಹಪ್ಪಳ ಮುರಿಯುವ ಸದ್ದು ಮಾತ್ರ ಮಳೆಗಾಲದಲ್ಲಿ ನಂಬಬೇಡಿ, ಮೆತ್ತಗಾಗಿ ಮಾನ ಕಳೆಯುತ್ತದೆ. ಬೆನ್ನ ಹಿಂದಿನ ಸದ್ದಿಗೆ ಒಂದು ಮಗು ಪ್ರತಿ ಸಲವೂ ತಿರುಗದಿದ್ದರೆ, ಕೊನೆಗೆ ಮನೆಯವರನ್ನು ಪಕ್ಕಕ್ಕೆ ಕರೆದು ವೈದ್ಯರಿಗೆ ಕಿವಿ ತೋರಿಸಿ ಎಂದಷ್ಟೇ ಹೇಳಿ. ಈ ವಯಸ್ಸಿನಲ್ಲಿ ನೆಗಡಿಯ ಬೆನ್ನಿಗೆ ಕಿವಿಯೊಳಗೆ ದ್ರವ ನಿಂತು ಮಂದವಾಗುವುದು ಸಾಮಾನ್ಯ.

ಸ್ಪರ್ಶದ ವಾರಕ್ಕೆ ಒಂದು ಭಾಷೆಯ ಅಡ್ಡಿ ಇದೆ. ಈ ವಯಸ್ಸಿನ ಮಕ್ಕಳು ದಿನವಿಡೀ ಕೇಳುವುದು "ಮುಟ್ಟಬೇಡ". ಗ್ಯಾಸ್ ಮುಟ್ಟಬೇಡ, ಪ್ಲಗ್ ಮುಟ್ಟಬೇಡ, ಲೋಕಲ್‌ನಲ್ಲಿ ಕಂಬಿ ಮುಟ್ಟಬೇಡ. ನಾವು ಒಮ್ಮೆಲೇ "ಮುಟ್ಟು" ಅಂದರೆ ಕೈ ಚಾಚಿ, ಅಮ್ಮನ ಮುಖ ನೋಡಿ, ಹಿಂದಕ್ಕೆ ಎಳೆದುಕೊಳ್ಳುವ ಮಕ್ಕಳಿದ್ದಾರೆ. ಮೊದಲು ಅಮ್ಮ ಮುಟ್ಟಲಿ. ಕತ್ತಲ ಚೀಲದಲ್ಲಿ ಕೈ ಹಾಕಿಸುವ ಆಟ ಮೂರು ದಾಟಿದವರಿಗೆ. ಚಿಕ್ಕವರಿಗೆ ಅದು ಹೆದರಿಕೆ. ಅವರಿಗೆ ತೆರೆದ ಪರಾತದಲ್ಲೇ ಇಡಿ. ತೆಂಗಿನ ನಾರು, ಹತ್ತಿ, ಒಣಗಿದ ಹೀರೆಕಾಯಿಯ ಜಾಲ, ಹಳೆಯ ರೇಷ್ಮೆ ಸೀರೆಯ ತುಂಡು. ಒರಟು, ಮೆತ್ತಗೆ, ನುಣ್ಣಗೆ. ಬಿಸಿ ತಣ್ಣಗೆಗೆ ಎರಡು ಸ್ಟೀಲ್ ತಂಬಿಗೆ, ಒಂದರಲ್ಲಿ ನಲ್ಲಿ ನೀರಿಗೆ ಎರಡು ಐಸ್ ತುಂಡು, ಇನ್ನೊಂದರಲ್ಲಿ 37-38 ಡಿಗ್ರಿಯ ನೀರು, ಮೊಣಕೈ ಅದ್ದಿ ನೋಡಿದರೆ ಬಿಸಿಯೂ ಅಲ್ಲ ತಂಪೂ ಅಲ್ಲ ಅನ್ನಿಸುವಷ್ಟು. ಮಗು ತಂಬಿಗೆಯ ಹೊರಮೈ ಮುಟ್ಟಲಿ. ಚರ್ಮ ಅಂದರೆ ಕೈ ಎಂದೇ ಕಲಿಸಿಬಿಡುವುದು ಇಲ್ಲಿನ ಸಾಮಾನ್ಯ ತಪ್ಪು. ಹತ್ತಿ ಕೆನ್ನೆಗೆ ತಾಗಲಿ, ಬಾಗಿಲ ಬಳಿಯ ನಾರಿನ ಮ್ಯಾಟ್ ಒಗೆದು ತಂದು ಬರಿಗಾಲಲ್ಲಿ ನಡೆಸಿ.

ಹಿಟ್ಟು ಕಲಸಿ ಕೊಡುವುದಾದರೆ ಎರಡು ಲೋಟ ಗೋಧಿಹಿಟ್ಟಿಗೆ ಮುಕ್ಕಾಲು ಲೋಟ ನೀರು, ಒಂದು ಚಮಚ ಎಣ್ಣೆ. ಮಳೆಗಾಲದಲ್ಲಿ ನೀರನ್ನು ಎರಡು ಚಮಚ ಕಡಿಮೆ ಮಾಡಿ, ಇಲ್ಲವಾದರೆ ಅಂಟಾಗುತ್ತದೆ. ಬೇಗ ಕೆಡದಿರಲಿ ಎಂದು ರಾಶಿ ಉಪ್ಪು ಹಾಕುವ ಪಾಕವಿಧಾನಗಳನ್ನು ಬಿಡಿ. ತಿನ್ನುವ ಮಕ್ಕಳು ಇದ್ದೇ ಇರುತ್ತಾರೆ, ಅಷ್ಟು ಉಪ್ಪು ಅಪಾಯ. ಪರಾತದ ತುಂಬ ಕಡಲೆ, ಹುಣಸೆಬೀಜ ಹರಡಿ ಕೈಯಾಡಿಸಲು ಬಿಡುವುದು ಚಿತ್ರದಲ್ಲಿ ಚೆಂದ. ಒಂದು ಕಾಳು ಮೂಗಿಗೆ ಹೋದರೆ ಅಲ್ಲಿನ ತೇವಕ್ಕೆ ಊದಿಕೊಳ್ಳುತ್ತದೆ, ಆಮೇಲೆ ಇಎನ್‌ಟಿ ವೈದ್ಯರೇ ತೆಗೆಯಬೇಕು. ಆಟಿಕೆಯ ಸಣ್ಣ ಭಾಗಗಳು ಮಗುವಿನ ಗಂಟಲಿಗೆ ಸಿಕ್ಕಬಹುದೇ ಎಂದು ಪರೀಕ್ಷಿಸುವ ಸಿಲಿಂಡರಿನ ಅಗಲ 31.7 ಮಿಲಿಮೀಟರ್. ನಾವು ಇನ್ನೂ ಹೆಚ್ಚು ಎಚ್ಚರ ವಹಿಸೋಣ: 4 ಸೆಂಟಿಮೀಟರ್ ಅಗಲದ ಪೈಪಿನ ತುಂಡೊಂದು ಚೀಲದಲ್ಲಿರಲಿ, ಅದರೊಳಗೆ ತೂರುವುದು ಯಾವುದೂ ಮಗುವಿನ ಕೈಗೆ ಬಿಡಿಯಾಗಿ ಹೋಗಬಾರದು.

ರುಚಿಯ ವಾರವನ್ನು ನಾಲ್ಕನೆಯದಾಗಿ ಇಡಿ. ಅಷ್ಟರಲ್ಲಿ ಮನೆಯವರ ಪರಿಚಯ ಆಗಿರುತ್ತದೆ. ಒಂದು ವಾರ ಮೊದಲೇ ವಾಟ್ಸ್ಆ್ಯಪ್‌ನಲ್ಲಿ ಕೇಳಬೇಕು, ಹಾಲು, ಎಳ್ಳು, ಗೋಧಿ, ಯಾವುದು ಆಗುವುದಿಲ್ಲ ಎಂದು. ಉತ್ತರ ಬಾರದವರಿಗೆ ಬಾಗಿಲಲ್ಲಿ ಮತ್ತೆ ಕೇಳಿ. ಶೇಂಗಾ, ಚಿಕ್ಕಿ, ಪಾಪ್‌ಕಾರ್ನ್, ಇಡೀ ದ್ರಾಕ್ಷಿ ಕೋಣೆಯೊಳಗೇ ಬರಬಾರದು. ಜೊತೆಯಲ್ಲಿ ಬಂದ ತಮ್ಮ ತಂಗಿಯರಿಗೆ ವರ್ಷ ತುಂಬಿಲ್ಲದಿದ್ದರೆ ಜೇನು ಖಂಡಿತ ಇಲ್ಲ. ಮೂರೇ ರುಚಿ: ಬಾಳೆಹಣ್ಣಿನ ತೆಳು ಬಿಲ್ಲೆ ಸಿಹಿ, ಒಂದು ಲೋಟ ನೀರಿಗೆ ಒಂದು ಚಮಚ ನಿಂಬೆರಸ ಹುಳಿ, ಗಂಜಿಯ ತಿಳಿಗೆ ಚಿಟಿಕೆ ಉಪ್ಪು. ಪ್ರತಿ ಮಗುವಿಗೆ ಪ್ರತಿ ರುಚಿಗೆ ಬೇರೆ ಚಮಚ, 36 ಚಮಚ, ಸಂಘದ ಪಾತ್ರೆ ಕಪಾಟಿನಲ್ಲಿ ಸಿಗುತ್ತವೆ. ತಿನ್ನಿಸುವುದು ಮನೆಯವರೇ. ಎಲ್ಲರೂ ಕೂತೇ ತಿನ್ನಬೇಕು, ಓಡುತ್ತಾ ಅಲ್ಲ. ಬಾಯಿ ಬಿಗಿದವರನ್ನು ಬಲವಂತ ಮಾಡಬೇಡಿ. ಪಕ್ಕದವನು ಹುಳಿಗೆ ಮುಖ ಕಿವುಚಿದ್ದನ್ನು ನೋಡಿ ನಕ್ಕರೆ ಆ ಮಗುವಿನ ಪಾಲಿನ ಪಾಠವೂ ಆಯಿತು.

ನಾಲಿಗೆಯ ತುದಿ ಸಿಹಿಗೆ, ಹಿಂಭಾಗ ಕಹಿಗೆ ಎಂದು ಭಾಗ ಮಾಡಿದ ನಕ್ಷೆ ಇನ್ನೂ ಎಷ್ಟೋ ಚಾರ್ಟುಗಳಲ್ಲಿದೆ. ಅದು ತಪ್ಪು. ಹೇನಿಗ್ ಎಂಬ ಜರ್ಮನ್ ವಿಜ್ಞಾನಿ 1901ರಲ್ಲಿ ಗುರುತಿಸಿದ್ದು ಭಾಗ ಭಾಗಗಳ ನಡುವಿನ ಸಣ್ಣ ವ್ಯತ್ಯಾಸ. 1942ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬೋರಿಂಗ್ ಬರೆದ ಮನಶ್ಶಾಸ್ತ್ರದ ಇತಿಹಾಸದ ಮೂಲಕ ಅದು ಕಟ್ಟುನಿಟ್ಟಾದ ಗಡಿಗಳಾಗಿ ಹಬ್ಬಿತು. ರುಚಿ ನಾಲಿಗೆಯ ಎಲ್ಲ ಕಡೆಯ ರುಚಿಮೊಗ್ಗುಗಳಿಗೂ ಗೊತ್ತಾಗುತ್ತದೆ. ಜಪಾನಿನ ರಸಾಯನಶಾಸ್ತ್ರಜ್ಞ ಇಕೆಡಾ 1908ರಲ್ಲಿ ಉಮಾಮಿ ಎಂಬ ಸಾರಿನಂಥ ತುಂಬು ರುಚಿಯನ್ನು ಸೇರಿಸಿದರು, ನಮ್ಮವರು ಒಗರನ್ನು ರುಚಿಯ ಸಾಲಿನಲ್ಲಿಟ್ಟು ಬಹಳ ಕಾಲವಾಯಿತು. ಅವು ದೊಡ್ಡ ಮಕ್ಕಳಿಗೆ.

ಕಣ್ಣು ಕೊನೆಯ ವಾರ, ಸುಲಭ. ಕೆಂಪು, ಹಳದಿ, ನೀಲಿ ಜಿಲೇಟಿನ್ ಕಾಗದವನ್ನು ರಟ್ಟಿನ ಚೌಕಟ್ಟಿಗೆ ಅಂಟಿಸಿ ಕೊಡಿ, ಎರಡನ್ನು ಒಂದರ ಮೇಲೊಂದು ಹಿಡಿಯಲು ಅವರೇ ಕಂಡುಕೊಳ್ಳುತ್ತಾರೆ. ಕಣ್ಣಿಗೆ ಬಟ್ಟೆ ಕಟ್ಟಬೇಡಿ, ಅವರದ್ದೇ ಅಂಗೈ ಮುಚ್ಚಿದರೆ ಸಾಕು. ಮತ್ತು ಈಗ, ನಾಲ್ಕು ವಾರ ಕಟ್ಟಿಹಾಕಿದ್ದ "ನೋಡು" ಎಂಬ ಪದವನ್ನು ಮನಸಾರೆ ಬಿಚ್ಚಿ ಬಿಡಿ.

ಎಲ್ಲ ಮುಗಿದ ಮೇಲೆ ಡಬ್ಬಿಗಳನ್ನು ಖಾಲಿ ಮಾಡಿ, ತೊಳೆದು, ಮುಚ್ಚಳ ತೆಗೆದೇ ಕಪಾಟಿನಲ್ಲಿಡಿ, ಮುಚ್ಚಿಟ್ಟರೆ ಮುಂದಿನ ವರ್ಷದ ಏಲಕ್ಕಿಯೂ ಈ ವರ್ಷದ ಕಾಫಿಯಂತೆಯೇ ಇರುತ್ತದೆ. ಸದ್ದಿನ ಬಾಟಲಿಗಳ ಮುಚ್ಚಳವನ್ನು ಒಂದೊಂದಾಗಿ ತಿರುಗಿಸಿ. ಕೂದಲೆಳೆಯಷ್ಟು ಅಲುಗಿದರೂ ಆ ಬಾಟಲಿ ಕಸಕ್ಕೆ.